ರಹಸ್ಯವೆಂಬ ಹೆಸರು: ಪಾಲ್ ಬ್ರಂಟನ್ನನ ಎರಡು ಗ್ರಂಥಗಳು

ಮೊದಲನೆಯ ಮಹಾಯುದ್ಧವು ಮುಗಿದ ಬಳಿಕ ಲಂಡನ್ ಮಹಾನಗರದಲ್ಲಿ ದೇವರನ್ನು ಇಗರ್ಜಿಯ ಹೊರಗೆ ಅರಸುವವರ ಕೂಟಗಳಿಗೆ ಕೊರತೆಯಿರಲಿಲ್ಲ. ಥಿಯಾಸಫಿಯವರು, ಪ್ರೇತಗಳೊಡನೆ ಮಾತನಾಡುವೆವೆನ್ನುವವರು, ಪೂರ್ವದೇಶಗಳಿಂದ ಬಂದ ಉಪದೇಶಕರು, ಎಲ್ಲರಿಗೂ ಅಲ್ಲಿ ಕೇಳುಗರಿದ್ದರು. 1898ರಲ್ಲಿ ಆ ನಗರದಲ್ಲಿ ಹುಟ್ಟಿದ ರಾಫೆಲ್ ಹರ್ಸ್ಟ್ ಎಂಬಾತನು ಪುಸ್ತಕದಂಗಡಿ, ಪತ್ರಿಕಾವೃತ್ತಿ ಎರಡನ್ನೂ ಕಂಡು ಈ ಕೂಟಗಳ ನಡುವೆಯೇ ಪಳಗಿದವನು. ಪಾಲ್ ಬ್ರಂಟನ್ ಎಂಬ ಹೆಸರಿನಲ್ಲಿ ಈತನು 1934ರಲ್ಲಿ ಪ್ರಕಟಿಸಿದ ‘ಎ ಸರ್ಚ್ ಇನ್ ಸೀಕ್ರೆಟ್ ಇಂಡಿಯಾ’ ಎಂಬ ಗ್ರಂಥವು ಭಗವಾನ್ ರಮಣರ ಕೀರ್ತಿಯನ್ನು ಪಾಶ್ಚಾತ್ಯರಿಗೆ ಮುಟ್ಟಿಸಿತು.

ಗ್ರಂಥದ ಗುಣವು ವರದಿಗಾರನ ಕಣ್ಣಿನದು. ಮೆಹರ್ ಬಾಬಾರವರ ಘೋಷಣೆಗಳನ್ನು ಆತನು ಸಂಶಯದಿಂದಲೇ ತೂಗುತ್ತಾನೆ. ಕಂಚಿ ಕಾಮಕೋಟಿ ಪೀಠದ ಆಚಾರ್ಯರು ಅರುಣಾಚಲದ ದಾರಿಯನ್ನು ತೋರಿಸಿದ ಪ್ರಸಂಗವು ಹಿತವಾಗಿದೆ. ಆದರೆ ಉಸಿರನ್ನೂ ಎದೆಯ ಬಡಿತವನ್ನೂ ನಿಲ್ಲಿಸುವ ಯೋಗಿ, ಕಾಶಿಯಲ್ಲಿ ಬಿಸಿಲಿನಿಂದ ಸತ್ತ ಹಕ್ಕಿಯನ್ನು ಬದುಕಿಸುವ ಸಿದ್ಧ, ಇವರೆಲ್ಲ ಒಂದೇ ಪರಿಷೆಯ ಅಂಗಡಿಗಳಂತೆ ಸಾಲಾಗಿ ಬರುವಾಗ ಗ್ರಂಥವು ಸಡಿಲವಾಗುವುದು. ರಮಣರ ಸನ್ನಿಧಿಯಲ್ಲಿ ಏನೂ ನಡೆಯದಿರುವ ಪುಟಗಳೇ ಅದರ ಸಾರ. ಹುಳಿಯಾರು ತಿಪಟೂರುಗಳ ತೋಟದವರಿಗೆ ತಿಳಿದಂತೆ, ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂರದ ಕಾಯಿ ಉಂಡೆಕೊಬ್ಬರಿಯಾಗದು. ಈ ಗ್ರಂಥವನ್ನು ಬೇಗನೆ ಅಟ್ಟದಿಂದಿಳಿಸಲಾಗಿದೆ.

ಎರಡನೆಯದು ಮೈಸೂರಿನ ಫಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಪೋಷಣೆಯಲ್ಲಿ ಆತನು ಅಲ್ಲಿ ನೆಲೆಸಿ, ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಹುದ್ದೆಯಿಂದ ನಿವೃತ್ತರಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್‌ರವರ ಬಳಿ ವೇದಾಂತವಿಚಾರವನ್ನು ಕೇಳಿದನು. ಸ್ವಾಮಿ ನಿಖಿಲಾನಂದರ ಮಾಂಡೂಕ್ಯಾನುವಾದವು 1936ರಲ್ಲಿ ಮೈಸೂರಿನ ಶ್ರೀ ರಾಮಕೃಷ್ಣಾಶ್ರಮದಿಂದ ಹೊರಟಾಗ ಅದಕ್ಕೆ ಮುನ್ನುಡಿಯನ್ನಿತ್ತವರೂ ಈ ಅಯ್ಯರ್‌ರವರೇ. 1941ರ ‘ದಿ ಹಿಡನ್ ಟೀಚಿಂಗ್ ಬಿಯಾಂಡ್ ಯೋಗ’ದಲ್ಲಿ ಬ್ರಂಟನ್ನನು ತನ್ನ ಮೊದಲಿನ ಪಕ್ಷವನ್ನೇ ಖಂಡಿಸುತ್ತಾನೆ. ಸಮಾಧಿಯ ಆನಂದವು ಸತ್ಯಕ್ಕೆ ಪ್ರಮಾಣವಲ್ಲ, ಜಾಗ್ರತ್ ಸ್ವಪ್ನ ಸುಷುಪ್ತಿಗಳೆಂಬ ಮೂರು ಅವಸ್ಥೆಗಳನ್ನೂ ಬುದ್ಧಿಯಿಂದ ಪರೀಕ್ಷಿಸಬೇಕು ಎಂಬುದು ಆತನ ಸಿದ್ಧಾಂತ. ಯೋಗಿಗಳ ಕಥೆಗಳನ್ನು ಬಯಸಿದ ಓದುಗರಿಗೆ ಇದು ರುಚಿಸದಿದ್ದರೆ ಆಶ್ಚರ್ಯವಿಲ್ಲ. ಹೊಗಳಿದ ಜನರ ಮುಂದೆಯೇ ಮತವನ್ನು ಬದಲಿಸುವ ಎದೆಗಾರಿಕೆಯು ಸಾಮಾನ್ಯವಲ್ಲ.

ಆದರೆ ಹೆಸರಿನ ಮಾತೊಂದಿದೆ. ಒಂದರಲ್ಲಿ ‘ರಹಸ್ಯ’, ಮತ್ತೊಂದರಲ್ಲಿ ‘ಗುಪ್ತ’. ಶಬ್ದಗಳ ಆರಾಧನೆಯನ್ನು ಖಂಡಿಸಲು ಒಂದು ಅಧ್ಯಾಯವನ್ನೇ ಮೀಸಲಿಟ್ಟವನು ಮುಖಪುಟದಲ್ಲಿ ಪುಸ್ತಕವ್ಯಾಪಾರಿಯ ಶಬ್ದಕ್ಕೆ ಮಣಿದಿದ್ದಾನೆ. ಗೌಡಪಾದರ ಕಾರಿಕೆಗಳನ್ನು ಯಾರೂ ನೆಲದಲ್ಲಿ ಹೂತಿಟ್ಟಿರಲಿಲ್ಲ. ಪಾಠಶಾಲೆಗಳಲ್ಲಿ ಅವು ವ್ಯಾಸಂಗದ ವಿಷಯಗಳು. ಉಪನಿಷತ್ತನ್ನು ಶಾಸ್ತ್ರವು ರಹಸ್ಯವೆಂದು ಕರೆಯುವುದು ಅಧಿಕಾರಿಯ ಯೋಗ್ಯತೆಯನ್ನು ಎಣಿಸಿ, ಕುತೂಹಲವನ್ನು ಕೆರಳಿಸಲಿಕ್ಕಲ್ಲ.

ಹೀಗೆಂದು ಪಂಡಿತರು ಸುಮ್ಮನಾಗುವಂತೆಯೂ ಇಲ್ಲ. ಶೂದ್ರರಿಗೂ ಸ್ತ್ರೀಯರಿಗೂ ಪಾಠಶಾಲೆಯ ಬಾಗಿಲು ಮುಚ್ಚಿದ್ದಿತು. ಹೊರಗೆ ನಿಂತವರ ಪಾಲಿಗೆ ಅದು ಗುಪ್ತವೇ ಆಗಿತ್ತು. ಅಲ್ಲಿ ಯೋಗ್ಯತೆಯನ್ನು ಎಣಿಸಿದವರಿಲ್ಲ, ಜಾತಿಯನ್ನು ಎಣಿಸಿದವರುಂಟು. ಆ ಬಾಗಿಲನ್ನು ಕನ್ನಡದಲ್ಲಿ ತೆರೆದವರು ಹನ್ನೆರಡನೆಯ ಶತಮಾನದ ಶರಣರು. ನಿಜಗುಣ ಶಿವಯೋಗಿಗಳೂ ‘ಅನುಭವಾಮೃತ’ದ ಮಹಲಿಂಗರಂಗನೂ ಶಾಸ್ತ್ರವನ್ನು ಸಂಸ್ಕೃತವರಿಯದವರ ಕೈಗಿತ್ತರು. ಲಂಡನ್ನಿನಿಂದ ಬಂದವನಿಗೆ ಗುಪ್ತವೆಂದು ತೋರಿದ ಅದ್ವೈತವು ಹಳ್ಳಿಯ ಜಗಲಿಯ ಮೇಲೆ ಷಟ್ಪದಿಯಾಗಿ ಓದಿಸಿಕೊಳ್ಳುತ್ತಿದ್ದಿತು.

ಎರಡನ್ನೂ ಓದಲು ಅವಕಾಶವಿಲ್ಲದ ವಾಚಕರು ಎರಡನೆಯದನ್ನೇ ಆರಿಸಿಕೊಳ್ಳಬಹುದು. ಅದರ ಮೊದಲ ಅಧ್ಯಾಯದ ದೀರ್ಘವಾದ ಆತ್ಮಸಮರ್ಥನೆಯನ್ನು ದಾಟಿಹೋದರೆ ನಷ್ಟವೇನೂ ಇಲ್ಲ. ಅವಸ್ಥಾವಿಚಾರದ ಭಾಗವನ್ನು ಮಾತ್ರ ನಿಖಿಲಾನಂದರ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ಓದತಕ್ಕದ್ದು.