ವಿಮಾನವಾಹಕ ನೌಕೆಯ ಚಾಲಕಶಕ್ತಿ ಮತ್ತು ಹಾರಾಟ: ಒಂದು ವಿಮರ್ಶೆ

2023ರ ಫೆಬ್ರವರಿ 6ರಂದು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಅದೇ ದಿನ, ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್ ವಿಮಾನವು ‘ವಿಕ್ರಾಂತ’ ವಿಮಾನವಾಹಕದ ಮೇಲೆ ಮೊದಲಬಾರಿಗೆ ಇಳಿಯಿತು. ಈ ಎರಡು ಘಟನೆಗಳಿಗಿರುವ ನಂಟು ದಿನಾಂಕದ್ದಷ್ಟೇ ಅಲ್ಲ. ನೌಕೆಯ ರಚನೆಯಲ್ಲಿಯೇ ಅಡಗಿದೆ.

ನೌಕೆಯನ್ನು ನಡೆಸುವ ಶಕ್ತಿಯನ್ನೂ ವಿಮಾನವನ್ನು ಹಾರಿಸುವ ವಿಧಾನವನ್ನೂ ಬೇರೆಬೇರೆಯಾಗಿ ಚರ್ಚಿಸುವುದು ರೂಢಿ. ಇದು ಸಮಂಜಸವಲ್ಲ. 1961ರಲ್ಲಿ ಸೇವೆಗೆ ಸೇರಿದ ಹಳೆಯ ವಿಕ್ರಾಂತದಲ್ಲಿ ಬಾಯ್ಲರಿನ ಆವಿಯೇ ನೌಕೆಯನ್ನು ನಡೆಸುತ್ತಿತ್ತು. ಕ್ಯಾಟಪಲ್ಟಿನ ಮೂಲಕ ವಿಮಾನವನ್ನು ಕವಣೆಯ ಕಲ್ಲಿನಂತೆ ಚಿಮ್ಮಿಸುತ್ತಿದ್ದುದೂ ಆ ಆವಿಯೇ. 1971ರ ಯುದ್ಧಕ್ಕೆ ಅದು ಬಿರುಕುಬಿಟ್ಟ ಬಾಯ್ಲರಿನೊಡನೆ ತೆರಳಿದಾಗ ವೇಗ ಕುಗ್ಗಿತು. ವೇಗ ಕುಗ್ಗಿದರೆ ಮೇಲೇಳುವ ವಿಮಾನಕ್ಕೆ ದೊರೆಯುವ ಎದುರುಗಾಳಿಯೂ ಕುಗ್ಗುವುದು.

2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ ಹೊಸ ವಿಕ್ರಾಂತದ ಉದ್ದ 262 ಮೀಟರು. ನಾಲ್ಕು ಅನಿಲ ಟರ್ಬೈನುಗಳು ಅದನ್ನು ನಡೆಸುತ್ತವೆ. ಬಾಯ್ಲರಿನ ಆವಿಯಿಲ್ಲ, ಆವಿಯ ಕ್ಯಾಟಪಲ್ಟೂ ಇಲ್ಲ. ವಿಮಾನವು ಸ್ವಂತ ಎಂಜಿನಿನ ಬಲದಿಂದ ಓಡಿ, ಮುಂತುದಿಯ ಏರುದಿಬ್ಬದಿಂದ ನೆಗೆಯಬೇಕು. ಈ ವ್ಯವಸ್ಥೆ ಸರಳ, ಕೆಡುವ ಭಾಗಗಳು ಕಡಮೆ. ಆದರೆ ಹೊತ್ತೊಯ್ಯಬಲ್ಲ ಇಂಧನ ಮತ್ತು ಅಸ್ತ್ರಗಳಿಗೆ ಮಿತಿಯುಂಟು. ರೇಡಾರನ್ನು ಹೊತ್ತ ಭಾರದ ವಿಮಾನಗಳಿಗೆ ಈ ದಿಬ್ಬ ಒಗ್ಗದು. ಆದುದರಿಂದ ದೂರದ ಅಪಾಯವನ್ನು ಮೊದಲೇ ಕಾಣುವ ಹೊಣೆ ಕಮೋವ್-31 ಹೆಲಿಕಾಪ್ಟರಿನ ಪಾಲಾಗಿದೆ. ಅದು ಏರುವ ಎತ್ತರವೂ ನಿಲ್ಲುವ ಕಾಲವೂ ಅಂಥ ವಿಮಾನಕ್ಕಿಂತ ಕಡಮೆ. ಎತ್ತರವಿಲ್ಲದ ಕಣ್ಣಿಗೆ ದಿಗಂತ ಹತ್ತಿರ.

ಹಾಗೆಂದು ಎಲ್ಲ ದೋಷವನ್ನೂ ಟರ್ಬೈನಿನ ಮೇಲೆ ಹೊರಿಸಲಾಗದು. ಕಾರವಾರವನ್ನು ನೆಲೆಯಾಗುಳ್ಳ ವಿಕ್ರಮಾದಿತ್ಯದಲ್ಲಿ ಬಾಯ್ಲರುಗಳಿದ್ದರೂ ಕ್ಯಾಟಪಲ್ಟಿಲ್ಲ. ವಿದ್ಯುತ್ಕಾಂತ ಕ್ಯಾಟಪಲ್ಟಿಗೆ ಪರಮಾಣು ಶಕ್ತಿ ಅನಿವಾರ್ಯವೆಂಬ ವಾದವೂ ನಿಲ್ಲದು. 2025ರಲ್ಲಿ ಸೇವೆಗೆ ಸೇರಿದ ಚೀನದ ‘ಫೂಜಿಯಾನ್’ ಅದಿಲ್ಲದೆಯೇ ಆ ಯಂತ್ರವನ್ನು ಹೊಂದಿದೆ. ಕೊರತೆಯಿರುವುದು ಎರಡು ಪ್ರಶ್ನೆಗಳನ್ನು ಆರಂಭದಲ್ಲಿಯೇ ಒಂದಾಗಿ ಕಾಣುವುದರಲ್ಲಿ.

ಮುಂದಿನ ನೌಕೆಯಲ್ಲಿಯೂ ದಿಬ್ಬವೇ ಉಳಿಯುವುದಾದರೆ, ಹೆಲಿಕಾಪ್ಟರೇ ಅದರ ಕಣ್ಣು. ಗುಬ್ಬಿಯ ಕಾರ್ಖಾನೆ ಮೊದಲು ಕೈಗೆತ್ತಿಕೊಂಡುದು 3 ಟನ್ ವರ್ಗದ ಲಘು ಹೆಲಿಕಾಪ್ಟರನ್ನು. ಕಮೋವ್-31 ಸುಮಾರು 12 ಟನ್ನಿನದು. 15 ಟನ್ನಿನವರೆಗಿನ ಹೆಲಿಕಾಪ್ಟರುಗಳನ್ನು ಇಲ್ಲಿ ತಯಾರಿಸುವ ಉದ್ದೇಶ ಘೋಷಿತವಾಗಿದೆ. ಸಮುದ್ರದಿಂದ ದೂರದಲ್ಲಿರುವ ಈ ಕಾವಲಿನ ನೆಲಕ್ಕೆ ಸಮುದ್ರದ ಕಾವಲಿನಲ್ಲಿ ಪಾಲು ದೊರೆಯುವುದು ಆ ಉದ್ದೇಶ ಕೈಗೂಡಿದಾಗ ಮಾತ್ರ.