ಕೋಟೆ ಗೆದ್ದ ಮೇಲೇನು?

ಯುದ್ಧದ ಆಟಗಳಿಗೆ ಸಾಹಿತ್ಯದ ಪುರವಣಿಯಲ್ಲಿ ಏನು ಕೆಲಸವೆಂದು ಕೆಲವು ವಾಚಕರು ಕೇಳಬಹುದು. ಒಂದು ಮಹಾಯುದ್ಧವನ್ನೇ ಮೇಜಿನ ಮೇಲೋ ಕಂಪ್ಯೂಟರಿನ ತೆರೆಯ ಮೇಲೋ ಹರಡಿಕೊಂಡು ತಿಂಗಳುಗಟ್ಟಲೆ ಆಡುವ ಕಾಲ ಇದು. ಎರಡನೆಯ ಮಹಾಯುದ್ಧವನ್ನು ಪುಸ್ತಕದಿಂದಲ್ಲ, ಆಟದಿಂದಲೇ ಅರಿತ ತರುಣರು ನಮ್ಮಲ್ಲಿಯೂ ಇದ್ದಾರೆ. ಆಟದ ನಿಯಮ ಬರೆಯುವವನು, ಲೋಕದಲ್ಲಿ ಯಾವುದರಿಂದ ಏನಾಗುತ್ತದೆಂಬ ತನ್ನ ನಂಬಿಕೆಯನ್ನೇ ಬರೆಯುತ್ತಾನೆ. ಐತಿಹಾಸಿಕ ಕಾದಂಬರಿಯನ್ನು ಪರೀಕ್ಷಿಸುವ ವಿಮರ್ಶಕ ಇದನ್ನೂ ಪರೀಕ್ಷಿಸಬೇಕಾದ್ದೇ.

ಒರೆಗಲ್ಲಿಗಾಗಿ ಬಹುದೂರ ಹೋಗಬೇಕಾಗಿಲ್ಲ. ಯಾದಗಿರಿ ಜಿಲ್ಲೆಯ ಸುರಪುರದ ಸಮೀಪದಲ್ಲಿ ವಾಗಣಗೇರಾ ಎಂಬ ಕೋಟೆಯಿದೆ. ಔರಂಗಜೇಬನು ತಾನೇ ನಿಂತು ಮುತ್ತಿದ ಕೋಟೆಗಳಲ್ಲಿ ಇದೇ ಕಡೆಯದು. 1705ರ ಫೆಬ್ರವರಿಯಲ್ಲಿ ಮುತ್ತಿಗೆ ಆರಂಭವಾಯಿತು. ಬಾದಶಹನಿಗೆ ಆಗ 86 ವರ್ಷ. ಒಳಗಿದ್ದವನು ಬೇಡರ ನಾಯಕ ಪಿಡ್ಡನಾಯಕ. ಅವನಿಗೆ ನೆರವಾಗಿ ಧನಾಜಿ ಜಾಧವನ ಮರಾಠರು ಬಂದರು. ಜುಲ್ಫಿಕಾರ್ ಖಾನನಂಥ ಸೇನಾನಿಯನ್ನು ಮೊಗಲರು ದೂರದಿಂದ ಕರೆಸಬೇಕಾಯಿತು. ಏಪ್ರಿಲ್ 27ರಂದು ಕೋಟೆ ಕೈವಶವಾಯಿತು. ಆದರೆ ಒಳಹೊಕ್ಕವರಿಗೆ ಕಂಡದ್ದೇನು? ಉರಿಯುತ್ತಿದ್ದ ಮನೆಗಳು ಮತ್ತು ಬರಿದಾದ ಬೀದಿಗಳು. ನಾಯಕ ತನ್ನವರೊಡನೆ ರಾತ್ರಿಯೇ ಜಾರಿಕೊಂಡಿದ್ದ.

ಹಿಂದೆಯೂ ಹೀಗೆಯೇ ಆಗಿತ್ತು. 1687ರಲ್ಲಿ ಶಹಾಪುರದ ಬಳಿಯ ಸಗರವನ್ನು ಮೊಗಲರು ಪಾಮನಾಯಕನಿಂದ ಪಡೆದರು. ಸಗರ ನುಸ್ರತಾಬಾದ್ ಆಯಿತು. ಅಷ್ಟಕ್ಕೇ ಬೇಡರ ಕತೆ ಮುಗಿಯಲಿಲ್ಲ. ಅದೇ ಮನೆತನದ ಪಿಡ್ಡನಾಯಕ ಕೆಲವೇ ಮೈಲಿಗಳಾಚೆ ಮತ್ತೆ ತಲೆಯೆತ್ತಿದ. ವಾಗಣಗೇರಾ ಬಿದ್ದ ಮೇಲೂ ಮುಗಿಯಲಿಲ್ಲ. ಆ ವಂಶದ ಆಳ್ವಿಕೆ ಸುರಪುರದಲ್ಲಿ ಇನ್ನೂ ಒಂದೂವರೆ ಶತಮಾನ ನಡೆಯಿತು. ಗೆದ್ದ ಬಾದಶಹನೋ, ಹತ್ತಿರದ ದೇವಾಪುರದ ಬೀಡಿನಲ್ಲಿ ಕಾಯಿಲೆ ಮಲಗಿ, ಹೇಗೋ ಎದ್ದು ಉತ್ತರಕ್ಕೆ ತಿರುಗಿ, 1707ರಲ್ಲಿ ಅಹಮದ್‌ನಗರದಲ್ಲಿ ತೀರಿಕೊಂಡ. ಹಿಡಿದ ಕೋಟೆಗಳನ್ನೆಣಿಸಿ ಅಂಕ ಕೊಡುವ ಆಟವಾಗಿದ್ದರೆ ಆ ದಿನ ಬಾದಶಹನಿಗೆ ಪೂರ್ಣಾಂಕ ದೊರೆಯುತ್ತಿತ್ತು. ದಂಡಯಾತ್ರೆಯ ರಾಜಕೀಯ ಫಲವನ್ನು ತೂಗುವ ಆಟ ಮಾತ್ರ ಆ ಅಂಕವನ್ನು ಕೊಡುವ ಮುನ್ನ ಎರಡು ಸಲ ಯೋಚಿಸುತ್ತಿತ್ತು.

ಶಾಂತಸಾಗರದ ಯುದ್ಧವನ್ನು ಕುರಿತ ಎರಡು ಆಟಗಳನ್ನು ಈಗ ಇದೇ ಒರೆಗಲ್ಲಿಗೆ ಉಜ್ಜಿ ನೋಡೋಣ. ಮೊದಲನೆಯದು 2009ರಲ್ಲಿ ಹೊರಬಂದ ‘ವಾರ್ ಇನ್ ದಿ ಪೆಸಿಫಿಕ್: ಅಡ್ಮಿರಲ್ಸ್ ಎಡಿಷನ್’ ಎಂಬ ಕಂಪ್ಯೂಟರ್ ಆಟ. ಹಡಗು, ವಿಮಾನ, ಎಣ್ಣೆ, ಅಕ್ಕಿಮೂಟೆಯವರೆಗೆ ಎಲ್ಲವನ್ನೂ ದಿನದಿನವೂ ಲೆಕ್ಕವಿಡುವ ದೈತ್ಯ ಕೃತಿ. ಇದರಲ್ಲಿ ರಾಜಕೀಯವೇ ಇಲ್ಲವೆನ್ನುವುದು ಅನ್ಯಾಯ. ಗೆದ್ದ ಊರುಗಳಲ್ಲಿ ಕಾವಲು ಸೈನ್ಯ ಇರಿಸದಿದ್ದರೆ ಅಲ್ಲಿ ಹಾನಿಯಾಗುತ್ತದೆ. ಜಪಾನು ಮಂಚೂರಿಯದಿಂದ ಅತಿಯಾಗಿ ಸೈನ್ಯ ಕಿತ್ತರೆ ರಷ್ಯ ಎದ್ದೀತೆಂಬ ಭಯವಿದೆ. ಭಾರತ, ಆಸ್ಟ್ರೇಲಿಯಗಳ ಮೇಲೆ ಏರಿಹೋದರೆ ಮಿತ್ರಪಕ್ಷಕ್ಕೆ ತುರ್ತು ಬಲ ಬರುತ್ತದೆ. ಆದರೂ ಇದರ ದೃಷ್ಟಿ ಉಗ್ರಾಣಿಯ ದೃಷ್ಟಿ. ಇಲ್ಲಿ ರಾಜಕೀಯವೆಂದರೆ ಕಾವಲಿಗೆ ಬೇಕಾದ ಆಳುಗಳ ಎಣಿಕೆ. ಜನವೆಂದರೆ ಸುಮ್ಮನಿರಿಸಬೇಕಾದ ಸಾಮಾನು.

ಎರಡನೆಯದು 2005ರ ‘ಎಂಪೈರ್ ಆಫ್ ದಿ ಸನ್’, ಮಾರ್ಕ್ ಹರ್ಮನ್ ರಚಿಸಿದ ಹಲಗೆಯಾಟ. ಇದರ ಕರ್ತೃ ಹೆಚ್ಚು ಜಾಣ. ಅಮೆರಿಕದ ರಾಜಕೀಯ ಸಂಕಲ್ಪವನ್ನೇ ಒಂದು ಅಳತೆಗೋಲಾಗಿ ಹಲಗೆಯ ಮೇಲಿಟ್ಟಿದ್ದಾನೆ. ದೇಶಗಳು ಶರಣಾದಂತೆ ಅದು ಇಳಿಯುತ್ತದೆ. ಮಿತ್ರಪಕ್ಷ ಸಾಕಷ್ಟು ವೇಗವಾಗಿ ಮುನ್ನಡೆಯದಿದ್ದರೂ ಇಳಿಯುತ್ತದೆ. ಸೊನ್ನೆಗೆ ಬಂದರೆ ಸಂಧಾನವಾಗಿ ಜಪಾನು ಗೆಲ್ಲುತ್ತದೆ. ಗುಂಡಿನಷ್ಟೇ ಮನಸ್ಸೂ ಯುದ್ಧದ ಸಾಮಗ್ರಿಯೆಂದು ಒಪ್ಪಿದ ಈ ನಿಯಮ ನಿಜಕ್ಕೂ ಮೆಚ್ಚತಕ್ಕದ್ದು. ಆದರೆ ಸಂಕಲ್ಪವೆಂಬುದು ಅಮೆರಿಕಕ್ಕೆ ಮಾತ್ರವೇ ಇತ್ತೆ? ದಂಡು ನಡೆದುಹೋದ ದೇಶಗಳಿಗೆ ಈ ಹಲಗೆಯ ಮೇಲೆ ಶರಣಾಗುವುದು, ಆಗದಿರುವುದು ಎಂಬ ಎರಡೇ ಗತಿ.

ಇಲ್ಲಿಯೇ ನಮ್ಮ ತಕರಾರು. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. ಆಟದಲ್ಲಿ ಅದೊಂದು ಬಂದರು. ಇತಿಹಾಸದಲ್ಲಿ, ಅಲ್ಲಿ ಸೆರೆಯಾದ ಸುಮಾರು 40,000 ಭಾರತೀಯ ಸೈನಿಕರಲ್ಲಿ ಅನೇಕರು ಆಜಾದ್ ಹಿಂದ್ ಫೌಜಿಗೆ ಸೇರಿದರು. ಮಾರ್ಚಿನಲ್ಲಿ ರಂಗೂನು ಬಿತ್ತು. ಬರ್ಮದ ಅಕ್ಕಿ ಬರುವುದು ನಿಂತಿತು. ಜಪಾನೀಯರು ಬಂದಾರೆಂಬ ಭಯದಿಂದ ಸರ್ಕಾರ ಬಂಗಾಳದ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತು. 1943ರ ಬಂಗಾಳದ ಕ್ಷಾಮಕ್ಕೆ ಇವೂ ಕಾರಣಗಳಾದವು. ಅದೇ ಮಾರ್ಚಿನಲ್ಲಿ ಕ್ರಿಪ್ಸ್ ಸಂಧಾನಕ್ಕೆ ಬಂದ. ಆಗಸ್ಟಿನಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕೂಗೆದ್ದಿತು. ಬರ್ಮಕ್ಕೆ ಜಪಾನು 1943ರ ಆಗಸ್ಟಿನಲ್ಲಿ ಸ್ವಾತಂತ್ರ್ಯವನ್ನು ಘೋಷಿಸಿಕೊಟ್ಟಿತು. 1945ರ ಮಾರ್ಚಿನಲ್ಲಿ ಆಂಗ್ ಸಾನನ ಸೈನ್ಯ ಆ ಜಪಾನಿನ ಮೇಲೆಯೇ ತಿರುಗಿಬಿತ್ತು. ಇವರಾರೂ ಯಾರ ಕಾಯಿಗಳೂ ಅಲ್ಲ. ಇವರಿಗೆ ಇವರದೇ ಲೆಕ್ಕವಿತ್ತು.

‘ಭಾರತ ಶರಣಾಯಿತು’ ಎಂಬ ಚೀಟಿಯನ್ನು ಯಾದಗಿರಿಯಲ್ಲಿ ಕುಳಿತು ಓದಿದರೆ ಅದರ ಕೊರತೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 1942ರಲ್ಲಿ ಯಾದಗಿರಿ ನಿಜಾಮನ ಹೈದರಾಬಾದಿನಲ್ಲಿತ್ತು. ನಿಜಾಮ ಬ್ರಿಟಿಷರ ಮಿತ್ರ. ಅವನ ಪ್ರಜೆಗಳಲ್ಲಿ ಕಾಂಗ್ರೆಸ್ಸಿಗರೂ ಇದ್ದರು, ಆಸ್ಥಾನದ ಭಕ್ತರೂ ಇದ್ದರು, ಎರಡರ ಗೊಡವೆಯೂ ಇಲ್ಲದೆ ಜೋಳ ಬಿತ್ತುತ್ತಿದ್ದವರೂ ಇದ್ದರು. ದೆಹಲಿ ಶರಣಾದರೆ ಹೈದರಾಬಾದು ಏನು ಮಾಡುತ್ತಿತ್ತು? ಸುರಪುರದ ಬೇಡರು ಏನು ಮಾಡುತ್ತಿದ್ದರು? ಈ ಪ್ರಶ್ನೆ ಏಳಲಿಕ್ಕೇ ಆ ಹಲಗೆಯ ಮೇಲೆ ಜಾಗವಿಲ್ಲ.

ಕೋಟೆ ಬೀಳುವುದು ಎಂದೂ ಮುಖ್ಯವಲ್ಲವೆಂದು ನಾವು ವಾದಿಸುತ್ತಿಲ್ಲ. 1858ರ ಫೆಬ್ರವರಿಯಲ್ಲಿ ಬ್ರಿಟಿಷರು ಸುರಪುರವನ್ನು ಹಿಡಿದರು. ತರುಣ ರಾಜ ವೆಂಕಟಪ್ಪನಾಯಕ ಹೈದರಾಬಾದಿನಲ್ಲಿ ಸೆರೆಸಿಕ್ಕಿ ಅದೇ ವರ್ಷ ಗುಂಡೇಟಿನಿಂದ ಸತ್ತ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಅಲ್ಲಿ ಚದುರಂಗದ ನಿಯಮವೇ ನಡೆಯಿತು: ರಾಜ ಸಿಕ್ಕಿದ, ಆಟ ಮುಗಿಯಿತು. ಒಂದೇ ವಂಶ, ಒಂದೇ ನೆಲ. ಆದರೆ 1705ರ ಫಲ ಬೇರೆ, 1858ರ ಫಲ ಬೇರೆ. ನಾಯಕ ಉಳಿದನೆ, ಜನ ಅವನ ಬೆನ್ನಿಗಿದ್ದರೆ, ಗೆದ್ದವನಿಗೆ ಅಲ್ಲಿ ತಳವೂರುವ ಬಲವೂ ಮನಸ್ಸೂ ಇತ್ತೆ ಎಂಬುದರ ಮೇಲೆ ಫಲ ನಿಲ್ಲುತ್ತದೆ. ಒಳ್ಳೆಯ ಆಟ ಈ ಅನಿಶ್ಚಯವನ್ನು ಒಳಗೊಳ್ಳಬೇಕು.

ಇದು ಆಗದ ಮಾತೇನಲ್ಲ. ಗುಡಿಯ ಕಟ್ಟೆಯ ಮೇಲೆ ಗೆರೆ ಗೀರಿ ಆಡುವ ನಮ್ಮ ಹುಲಿ-ಕುರಿ ಆಟವನ್ನೇ ನೋಡಿ. 3 ಹುಲಿ, 15 ಕುರಿ. ಹುಲಿಯ ಗೆಲುವು ಕುರಿಯನ್ನು ತಿನ್ನುವುದರಲ್ಲಿದೆ. ಕುರಿಯ ಗೆಲುವು ಹುಲಿಯನ್ನು ಕೊಲ್ಲುವುದರಲ್ಲಿಲ್ಲ, ಅದಕ್ಕೆ ಅಡಿಯಿಡಲು ಎಡೆಯಿಲ್ಲದಂತೆ ಮಾಡುವುದರಲ್ಲಿದೆ. ಎರಡು ಪಕ್ಷಗಳು ಗೆಲುವನ್ನು ಬೇರೆ ಬೇರೆ ಕೋಲಿನಿಂದ ಅಳೆಯುತ್ತವೆಂಬ ದೊಡ್ಡ ಮಾತನ್ನು ಯಾವನೋ ಹಳ್ಳಿಗ ಕಲ್ಲಿನ ಮೇಲೆ ಬರೆದಿಟ್ಟಿದ್ದಾನೆ. ಹರ್ಮನ್ನನ ಆಟ ಅಮೆರಿಕದ ಮಟ್ಟಿಗೆ ಈ ಸತ್ಯದ ಹತ್ತಿರ ಬಂದಿದೆ. ಬರ್ಮಕ್ಕೆ, ಬಂಗಾಳಕ್ಕೆ, ಹೈದರಾಬಾದಿಗೆ ಅದನ್ನು ವಿಸ್ತರಿಸುವ ಕೆಲಸ ಬಾಕಿಯಿದೆ.

ಆಟವಾಡುವ ತರುಣರನ್ನು ಬೈಯುವುದು ನಮ್ಮ ಉದ್ದೇಶವಲ್ಲ. ಆಡಲಿ. ಆದರೆ ಬಿಡುವಾದಾಗ ಒಮ್ಮೆ ಸುರಪುರಕ್ಕೆ ಹೋಗಿ, ವಾಗಣಗೇರಾದ ಕೋಟೆಯನ್ನು ಹತ್ತಿ ನೋಡಲಿ. ಹಿಂದೂಸ್ಥಾನದ ಬಾದಶಹ ಗೆದ್ದದ್ದು ಇಷ್ಟು ಕಲ್ಲುಗಳನ್ನು. ಇದನ್ನು ಬಿಟ್ಟುಹೋದವರ ಮಕ್ಕಳು ಸುತ್ತಲಿನ ಊರುಗಳಲ್ಲಿ ಇನ್ನೂ ಇದ್ದಾರೆ.