ಮೊದಲು ಹುಳಿ, ಆಮೇಲೆ ಮೀನು

ಕರಾವಳಿಗೆ ಹೊಸಬರಾಗಿ ಬಂದವರು ಖಾನಾವಳಿಯ ಬೆಂಚಿನ ಮೇಲೆ ಕೂತ ಕೂಡಲೇ ಕೇಳುವುದು ಎರಡೇ ಮಾತು: “ಇವತ್ತು ಯಾವ ಮೀನು?” “ಖಾರ ಜಾಸ್ತಿ ಇರ್ತದಾ?” ಕೇಳಲಿ, ತಪ್ಪೇನಿಲ್ಲ. ಆದರೆ ಅಂಕೋಲೆ, ಕಾರವಾರದ ಅಡುಗೆಯ ಒಳಹೊಗಬೇಕಿದ್ದರೆ ಮೂರನೆಯದೊಂದನ್ನು ಕೇಳಬೇಕು: “ಸಾರಿಗೆ ಎಂತ ಹುಳಿ ಹಾಕಿದ್ದು?” ಬಡಿಸುವವರು ಒಮ್ಮೆ ನಿಮ್ಮ ಮುಖ ನೋಡುತ್ತಾರೆ. ಆಮೇಲೆ ಬರುವ ಉತ್ತರ ಸಾಮಾನ್ಯವಾಗಿ ಉದ್ದವಾಗಿರುತ್ತದೆ.

ಈ ಪಾಠವನ್ನು ಮಂಜಗುಣಿಯಿಂದ ಶುರು ಮಾಡುವುದು ಒಳ್ಳೆಯದು. (ಶಿರಸಿ ಕಡೆಯ ಮಂಜುಗುಣಿ ಬೇರೆ, ಅದು ವೆಂಕಟರಮಣ ದೇವರ ಊರು. ಬಸ್ಸು ಹತ್ತುವಾಗ ನೋಡಿಕೊಳ್ಳಿ.) ಘಟ್ಟದ ಮೇಲೆ ಬೇಡ್ತಿ ಎನಿಸಿಕೊಂಡು ಮಾಗೋಡಿನಲ್ಲಿ ಧುಮುಕುವ ಹೊಳೆ ಕೆಳಗಿಳಿದು, ಗಂಗಾವಳಿಯೆಂದು ಹೆಸರು ಬದಲಿಸಿಕೊಂಡು ಕಡಲು ಸೇರುವುದು ಇಲ್ಲಿ. ಬಡಗಣ ದಂಡೆ ಅಂಕೋಲೆ ತಾಲೂಕಿನ ಮಂಜಗುಣಿ. ತೆಂಕಣ ದಂಡೆಯಲ್ಲಿ ಗಂಗಾವಳಿ ಊರು, ಅಲ್ಲಿಂದಾಚೆ ಗೋಕರ್ಣ. ಊಟ ಮಾಡುವುದು ಅಂಕೋಲೆ ಪೇಟೆಯಲ್ಲೋ ಕಾರವಾರದಲ್ಲೋ ಇರಲಿ, ತಟ್ಟೆಗೆ ಬರುವುದನ್ನು ಅದರ ನೀರಿನಲ್ಲೇ ಒಮ್ಮೆ ನೋಡಲು ಈ ಅಳಿವೆಗೆ ಬನ್ನಿ. ಸಿಹಿನೀರು, ಉಪ್ಪುನೀರು ಕೂಡುವ ಜಾಗದಲ್ಲಿ ಶೆಟ್ಲಿ (ಸಿಗಡಿ), ಏಡಿ, ಚಿಪ್ಪಿ, ಕಾಣೆ ಸಿಗುತ್ತವೆ. ಬೇಲೆಕೇರಿ, ಬೈತಖೋಲದ ಬಂದರುಗಳಿಗೆ ದೋಣಿಗಳು ತರುವ ಬಂಗಡೆ, ತಾರ್ಲೆ, ಇಸ್ವಾಣ, ಪಾಂಪ್ಲೆಟ್ ತೆರೆದ ಕಡಲಿನವು. ಹೊಳೆಯ ಮೀನು, ಕಡಲ ಮೀನು ಎಂಬ ಈ ಭೇದ ಇಲ್ಲಿನವರ ನಾಲಿಗೆಗೆ ಗೊತ್ತು. ನಿಮಗೂ ನಾಲ್ಕಾರು ಊಟದೊಳಗೆ ಗೊತ್ತಾಗುತ್ತದೆ.

ಈಗ ಹುಳಿಯ ವಿಚಾರ. ಬಯಲುಸೀಮೆಯ ಅಡುಗೆಮನೆಯಲ್ಲಿ ಹುಳಿಯೆಂದರೆ ಬಹುಪಾಲು ಹುಣಸೆ, ಇಲ್ಲವೇ ಟೊಮೆಟೊ, ನಿಂಬೆ. ಇಲ್ಲಿ ಅಟ್ಟದ ಮೇಲೆ, ಹಿತ್ತಲಲ್ಲಿ, ಭರಣಿಯಲ್ಲಿ ಐದಾರು ಹುಳಿ ಕಾದಿರುತ್ತವೆ. ಮುರುಗಲು ಹಣ್ಣಿನ ಸಿಪ್ಪೆ ಒಣಗಿಸಿದ್ದು, ಕಪ್ಪಗೆ ಮೆತ್ತಗೆ; ಅದರ ಹುಳಿ ಬೇಗ ಎದ್ದು ಬೇಗ ಅಡಗುತ್ತದೆ. ಹುಣಸೆ ತಡವಾಗಿ ಬಂದು ತಳವೂರುತ್ತದೆ. ವಾಟೆಕಾಯಿಯನ್ನು ಹೋಳು ಮಾಡಿ ಒಣಗಿಸಿದ ವಾಟೆಹುಳಿಗೆ ಒಂದೆಳೆ ಒಗರು ಇದೆ. ಬಿಂಬುಳಿ ಹಸಿರು ಕಾಯಿಯನ್ನು ಸೀಳಿ ಹಾಗೇ ಸಾರಿಗೆ ಬಿಡುತ್ತಾರೆ, ಅದು ಹಸಿ ಹುಳಿ, ಹಲ್ಲು ಚುಳ್ಳೆನ್ನುವಂಥದ್ದು. ಅಮಟೆಕಾಯಿಗೆ ಹುಳಿಗಿಂತ ಪರಿಮಳ ಹೆಚ್ಚು. ಮಾವಿನಕಾಯಿ ಬಿಡುವ ಕಾಲದಲ್ಲಂತೂ ಉಳಿದವಕ್ಕೆಲ್ಲ ರಜೆ.

ಯಾವುದಕ್ಕೆ ಯಾವುದು? ಬಂಗಡೆ, ತಾರ್ಲೆಯಂಥ ಎಣ್ಣೆಯಂಶದ ಮೀನು ಹುಣಸೆ, ಮುರುಗಲಿನ ಗಟ್ಟಿ ಹುಳಿಯನ್ನು ತಡೆದುಕೊಳ್ಳುತ್ತದೆ, ಬೇಡುತ್ತದೆ ಕೂಡ. ಶೆಟ್ಲಿಗೆ ತನ್ನದೇ ಸಿಹಿಯಿದೆ, ಅದಕ್ಕೆ ಮಾವಿನಕಾಯಿ ಅಥವಾ ಅಮಟೆ ಒಪ್ಪುತ್ತದೆ. ಸಣ್ಣ ಮೀನಿನ ಸಾರಿಗೆ ಬಿಂಬುಳಿ ಚೆನ್ನ. ಇದು ಶಾಸನವಲ್ಲ. ಹರಿಕಂತ್ರರ ಮನೆಯ ಸಾರು, ನಾಡವರ ಮನೆಯದು, ಸಾರಸ್ವತರ ಮನೆಯದು ಒಂದೇ ಬೀದಿಯಲ್ಲಿದ್ದರೂ ಒಂದೇ ಆಗಿರುವುದಿಲ್ಲ. ತಮ್ಮ ಮನೆಯದೇ ಸರಿಯೆಂದು ಎಲ್ಲರೂ ನಿಮ್ಮೆದುರು ವಾದಿಸುತ್ತಾರೆ. ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ.

ಬಂಗಡೆ ಸಾರಿನಲ್ಲಿ ಕರಿಮೆಣಸಿಗಿಂತ ದಪ್ಪನೆಯ, ಬಾಯಿಬಿಟ್ಟ ಒಣಕಾಯಿ ತೇಲುವುದು ಕಂಡರೆ ಅದು ತೆಪ್ಪಲ. ಕೆಲವರು ತಿರ್ಫಲ ಎನ್ನುತ್ತಾರೆ. ಬೀಜ ತೆಗೆದು, ಸಿಪ್ಪೆಯನ್ನಷ್ಟೇ ಜಜ್ಜಿ ಹಾಕುವುದು ಪದ್ಧತಿ. ಹೊಸಬರು ಅದನ್ನು ಅಗಿದು ಕಣ್ಣು ಬಿಡುವುದು ಇಲ್ಲಿ ನಿತ್ಯದ ತಮಾಷೆ, ನಾಲಿಗೆ ಜುಮ್ಮೆಂದು ಮರಗಟ್ಟುತ್ತದೆ. ಚೀನಾದ ಸಿಚುವಾನ್ ಮೆಣಸು ಇದರ ದಾಯಾದಿ. ಅಗಿಯಬೇಡಿ, ತಟ್ಟೆಯ ಅಂಚಿಗೆ ಸರಿಸಿ. ಅದರ ಕೆಲಸ ಸಾರಿನಲ್ಲಿ ಆಗಲೇ ಮುಗಿದಿದೆ: ಮೀನಿನ ಎಣ್ಣೆವಾಸನೆಯನ್ನು ಹಿಂದಕ್ಕೆ ತಳ್ಳಿ ಹುಳಿಯನ್ನು ಮುಂದಕ್ಕೆ ತರುವುದು.

ಊಟ ಬಂದಾಗ ಕಣ್ಣು ಮೊದಲು ಕರಿದ ಮೀನಿನ ಮೇಲೆ ಬೀಳುತ್ತದೆ. ಅದನ್ನು ಮುಟ್ಟದೆ ಒಂದು ತುತ್ತು ಕುಚ್ಚಲಕ್ಕಿ ಅನ್ನಕ್ಕೆ ಸಾರು ಮಾತ್ರ ಕಲಸಿ ಬಾಯಿಗಿಡಿ. ಬೆಳ್ತಿಗೆ ಅನ್ನ ಬೇಕೆಂದರೆ ಅದೂ ಸಿಗುತ್ತದೆ, ಆದರೆ ಈ ಸಾರಿಗೆ ದಪ್ಪ ಕಾಳೇ ಸರಿ. ಸಾರು ನಾಲಿಗೆಗೆ ತಾಗಿದಾಗ ತೆಂಗಿನಕಾಯಿಯ ನುಣುಪು ಮೊದಲು ಬರಬೇಕು, ಹುಳಿ ಎರಡನೆಯದಾಗಿ, ಖಾರ ಕೊನೆಗೆ ಗಂಟಲಲ್ಲಿ. ಖಾರವೇ ಮೊದಲು ಬಂದರೆ ಅಡುಗೆಯವರಿಗೆ ಮೀನಿನ ಮೇಲೆ ಭರವಸೆ ಇರಲಿಲ್ಲ ಎಂದು ನಾನು ತಿಳಿಯುತ್ತೇನೆ.

ಇಷ್ಟಾದ ಮೇಲೆ ಸ್ಪೇನಿಗೆ ಒಂದು ಸುತ್ತು ಹೋಗಿಬರೋಣ. ಆ ದೇಶದ ಉತ್ತರ ತೀರದ ಸಾನ್ ಸೆಬಾಸ್ತಿಯಾನ್ ಊರಿನ ಹಳೆಪೇಟೆಯಲ್ಲಿ ಜನ ಒಂದೇ ಕಡೆ ಕೂತು ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಒಂದು ಅಂಗಡಿಯಲ್ಲಿ ಅದರ ಹೆಸರುವಾಸಿ ತಿಂಡಿ ಒಂದೋ ಎರಡೋ ತುಣುಕು, ನಿಂತೇ ತಿಂದು ಮುಂದಿನ ಅಂಗಡಿಗೆ. ದಕ್ಷಿಣದ ಗ್ರನಾಡಾದಲ್ಲಿ ಪಾನೀಯ ಕೇಳಿದರೆ ತಿನ್ನಲು ಒಂದು ಪುಟ್ಟ ತಟ್ಟೆ ಬಿಟ್ಟಿಯಾಗಿಯೇ ಬರುತ್ತದೆ. ತಾಪಾಸ್ ಎಂದು ಜಗತ್ತು ಕರೆಯುವ ಈ ಪದ್ಧತಿಯಿಂದ ನಾವು ಕಲಿಯಬೇಕಾದದ್ದು ಕೇಳುವ ಕ್ರಮವನ್ನು. ನಾಲ್ಕು ಜನ ಹೋದರೆ ನಾಲ್ಕು ಫಿಶ್ ಥಾಲಿ, ನಾಲ್ಕು ಪಾಂಪ್ಲೆಟ್ ಫ್ರೈ ಎಂದು ಒಂದೇ ಉಸಿರಿನಲ್ಲಿ ಹೇಳಬೇಡಿ. ಎರಡು ಊಟ, ಒಂದು ತಟ್ಟೆ ಚಿಪ್ಪಿ ಸುಕ್ಕೆ, ಒಂದು ತಾರ್ಲೆ ಫ್ರೈ, ಒಂದು ಒಣಶೆಟ್ಲಿ ಕಿಸ್ಮೂರಿ ಹೇಳಿ, ಹಂಚಿಕೊಂಡು ತಿನ್ನಿ. ಮಧ್ಯಾಹ್ನ ಅಂಕೋಲೆಯಲ್ಲಿ ಹೊಳೆಯದ್ದು, ರಾತ್ರಿ ಕಾರವಾರದಲ್ಲಿ ಕಡಲಿನದು.

ಸ್ಪೇನಿನ ವಾಯವ್ಯ ಮೂಲೆಯ ಗಲೀಸಿಯಾದವರು ನಮಗೆ ಇನ್ನೂ ಹತ್ತಿರದವರು. ಅಲ್ಲಿಯೂ ಅಳಿವೆಗಳೇ ಅನ್ನ ಕೊಡುವುದು; ನೀರಿನ ಮೇಲೆ ತೆಪ್ಪ ಕಟ್ಟಿ, ಹಗ್ಗ ಇಳಿಬಿಟ್ಟು ನೀಲಿಕಲ್ಲು ಚಿಪ್ಪಿ ಬೆಳೆಸುತ್ತಾರೆ. ಬೇಯಿಸಿದ ಆಕ್ಟೋಪಸ್ ತುಂಡುಗಳಿಗೆ ಆಲಿವ್ ಎಣ್ಣೆ, ಉಪ್ಪು, ಕೆಂಪು ಮೆಣಸಿನ ಪುಡಿ ಉದುರಿಸಿ ಮರದ ತಟ್ಟೆಯಲ್ಲಿ ಕೊಡುತ್ತಾರೆ. ಆ ಪುಡಿ ಖಾರಕ್ಕಿಂತ ಬಣ್ಣಕ್ಕೆ, ಘಮಕ್ಕೆ. ಹಾವೇರಿ ಜಿಲ್ಲೆಯಿಂದ ಘಟ್ಟ ಇಳಿದು ಬರುವ ಬ್ಯಾಡಗಿ ಮೆಣಸಿನಕಾಯಿ ನಮ್ಮ ಸಾರಿನಲ್ಲಿ ಮಾಡುವುದೂ ಅದನ್ನೇ. ಎರಡಕ್ಕೂ ಮೂಲ ಅಮೆರಿಕ ಖಂಡ. ಒಂದನ್ನು ಸ್ಪೇನಿನ ಹಡಗುಗಳು ಮನೆಗೆ ಒಯ್ದವು, ಇನ್ನೊಂದನ್ನು ಪೋರ್ಚುಗೀಸರು ನಮ್ಮ ತೀರಕ್ಕೆ ತಂದರು. ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ವಾಸ್ಕೋ ಡ ಗಾಮಾ 1498ರಲ್ಲಿ ತಂಗಿದ್ದ. ಪಕ್ಕದ ಗೋವೆಯಲ್ಲಿ ಪೋರ್ಚುಗೀಸರು 1510ರಿಂದ 1961ರವರೆಗೆ ಇದ್ದರು. ಗೇರು ಸಹ ಅವರ ಹಡಗಿನಲ್ಲೇ ಬಂದದ್ದು. ಮೆಣಸಿನಕಾಯಿ ಬರುವುದಕ್ಕೂ ಮುಂಚೆ ಇಲ್ಲಿನ ಸಾರಿಗೆ ಖಾರ ಕರಿಮೆಣಸಿನಿಂದ ಬರುತ್ತಿತ್ತು, ಹುಳಿಗಳು ಮಾತ್ರ ಬಹುಪಾಲು ಈ ಕಾಡಿನವೇ. ಹುಳಿಯನ್ನು ಮೊದಲು ಕೇಳಿ ಎಂದದ್ದಕ್ಕೆ ಇದೂ ಒಂದು ಕಾರಣ.

ಕರಿದ ಮೀನಿನ ಮುಂದೆ “ರವಾ ಫ್ರೈಯೋ, ಮಸಾಲಾ ಫ್ರೈಯೋ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ನನ್ನ ಪಕ್ಷ ಸ್ಪಷ್ಟ. ಕಾಣೆ ಮೆತ್ತನೆಯ ಮೀನು, ರವೆಯ ಗರಿ ಅದಕ್ಕೆ ಆಸರೆ. ಬಂಗಡೆಗೆ ರವೆ ಹಚ್ಚುವುದು ಅನ್ಯಾಯ. ಅದರ ಚರ್ಮ, ಅದರ ಎಣ್ಣೆಯೇ ಬಾಣಲೆಯಲ್ಲಿ ಗರಿಯಾಗಬೇಕು. ತಾಜಾ ಅಲ್ಲದ ಮೀನನ್ನು ಮುಚ್ಚಿಡಲು ರವೆಯಷ್ಟು ಒಳ್ಳೆಯ ಹೊದಿಕೆ ಇಲ್ಲ ಎನ್ನುವುದೂ ನೆನಪಿರಲಿ. ತಾರ್ಲೆಯ ಮುಳ್ಳಿಗೆ ಹೆದರಿ ಇಸ್ವಾಣದ ತುಂಡಿನಲ್ಲೇ ಉಳಿದುಬಿಡುವವರು ಬಹಳ. ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ ತಾರ್ಲೆ ಕೊಬ್ಬಿ ಬರುತ್ತದೆ, ಆಗ ತಿನ್ನದೆ ಇರುವುದು ನಷ್ಟ. ಬೆನ್ನಿನ ಗೆರೆಯ ಮೇಲೆ ಹೆಬ್ಬೆರಳು ಒತ್ತಿ, ಮಾಂಸವನ್ನು ಎರಡೂ ಬದಿಗೆ ಸರಿಸಿ, ಬಾಲದ ಕಡೆಯಿಂದ ಮುಳ್ಳು ಎತ್ತಿದರೆ ಬಾಚಣಿಗೆಯಂತೆ ಇಡಿಯಾಗಿ ಬರುತ್ತದೆ. ಚಮಚ ಬೇಡವೇ ಬೇಡ.

ಚಿಪ್ಪಿಗೂ ಕೈಯೇ ಬೇಕು. ತಿಸ್ರೆ, ಬಳಚು ಎಂದು ಊರೂರಿಗೆ ಹೆಸರು ಬದಲಾಗುವ ಈ ಚಿಪ್ಪಿಯನ್ನು ನೀರಿಳಿತದ ಹೊತ್ತಿನಲ್ಲಿ ಹೊಳೆಯ ತಳದಿಂದ ಕೈಯಲ್ಲೇ ಆಯುತ್ತಾರೆ. ಸುಕ್ಕೆ ಮಾಡುವಾಗ ಅರ್ಧ ಚಿಪ್ಪನ್ನು ಮಾಂಸದ ಜೊತೆ ಹಾಗೇ ಬಿಡುವುದುಂಟು. ಲೆಕ್ಕ ಹೆಚ್ಚು ಕಾಣಲಿ ಎಂದಲ್ಲ, ಚಿಪ್ಪಿನೊಳಗೆ ಮಸಾಲೆ ನಿಲ್ಲಲಿ ಎಂದು. ಚಿಪ್ಪನ್ನೇ ತುಟಿಗೆ ಹಿಡಿದು ಹೀರಿ. ಸದ್ದಾದರೆ ಪಕ್ಕದ ಮೇಜಿನವರು ತಿರುಗಿ ನೋಡುವುದಿಲ್ಲ, ಅವರದೂ ಅದೇ ಸದ್ದು.

ಕೋಳಿ ತಿನ್ನುವವರಿಗೆ ಕೋಳಿಸಾರು, ವಡೆ ಇದೆ. ಅಕ್ಕಿ, ಉದ್ದಿನ ಹಿಟ್ಟಿನ ಉಬ್ಬಿದ ವಡೆಯನ್ನು ಹರಿದು ಸಾರಿನಲ್ಲಿ ಅದ್ದಬೇಕು. ಅದರ ಬಗ್ಗೆ ಹೆಚ್ಚು ಪಾಠ ಬೇಕಿಲ್ಲ, ವಡೆ ಬಿಸಿಯಿದ್ದರೆ ಸಾಕು.

ಕಾಲ ತಿಳಿಯದೆ ಬಂದರೆ ಮಾತ್ರ ನಿರಾಸೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲವದು. ಆ ದಿನಗಳಲ್ಲಿ ಹೋಟೆಲಿನ ಪಟ್ಟಿಯಲ್ಲಿ ದೊಡ್ಡ ಪಾಂಪ್ಲೆಟ್ ಕಂಡರೆ ಅದು ಐಸಿನಲ್ಲಿ ಮಲಗಿದ್ದದ್ದು ಎಂದೇ ತಿಳಿಯಿರಿ. ಹೊಳೆ ಮೀನು, ಏಡಿ ಕೇಳಿ, ಇಲ್ಲವೇ ಒಣಮೀನಿಗೆ ಮನಸ್ಸು ಮಾಡಿ. ದೋಣಿಗಳು ಮತ್ತೆ ಇಳಿಯುವ ಹೊತ್ತಿಗೆ ಶ್ರಾವಣ ಬಂದಿರುತ್ತದೆ, ಹಲವು ಮನೆಗಳಲ್ಲಿ ಮೀನು ನಿಷಿದ್ಧ. ಚೌತಿ ಕಳೆದ ಮೇಲೆ ನೋಡಿ, ಖಾನಾವಳಿಯಲ್ಲಿ ಜಾಗ ಸಿಗುವುದಿಲ್ಲ.

ಒಣಮೀನನ್ನು ಬಡವರ ಪಾಲೆಂದು ದೂರವಿಡುವವರಿದ್ದಾರೆ. ಹುರಿದ ಒಣಶೆಟ್ಲಿಗೆ ಈರುಳ್ಳಿ, ತೆಂಗಿನತುರಿ, ಚೂರು ಹುಳಿ ಸೇರಿಸಿದ ಕಿಸ್ಮೂರಿ ಗಂಜಿಯ ಪಕ್ಕ ಕೂತರೆ ಆ ಮಾತು ನಿಲ್ಲುತ್ತದೆ. ಅದರ ಹಿಂದೆ ಉಪ್ಪಿನ ಕಥೆಯೂ ಇದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಕಡಲ ನೀರು ಕಟ್ಟಿ ಉಪ್ಪು ತೆಗೆಯುವುದು ಹಳೆಯ ಕಸುಬು. ದಂಡಿಯಲ್ಲಿ ಗಾಂಧೀಜಿ ಕಾಯಿದೆ ಮುರಿದ ಒಂದೇ ವಾರಕ್ಕೆ, 1930ರ ಏಪ್ರಿಲ್ 13ರಂದು, ಅಂಕೋಲೆಯ ಕಡಲತೀರದಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಮೀನು ಒಣಗಿಸಿ ಮಳೆಗಾಲ ದಾಟುವ ಊರಿಗೆ ಉಪ್ಪಿನ ಮೇಲಿನ ಕರ ಎಷ್ಟು ಚುಚ್ಚಿರಬೇಕು ಎಂಬುದನ್ನು ಒಂದು ತಟ್ಟೆ ಗಂಜಿ ಚೆನ್ನಾಗಿ ಹೇಳುತ್ತದೆ.

ಮೀನು ಮುಟ್ಟದವರು ಬರಿಗೈಯಲ್ಲಿ ಹೋಗಬೇಕಿಲ್ಲ. ಮಳೆಯಲ್ಲಿ ಪತ್ರೊಡೆ, ಕಳಲೆ, ಅಳಂಬೆ. ಬೇಸಿಗೆಯ ಮೊದಲಲ್ಲಿ ಹಸಿ ಗೇರುಬೀಜದ ಉಪ್ಕರಿ. ಎಲ್ಲ ಕಾಲಕ್ಕೂ ತಂಬುಳಿ, ಅಪ್ಪೆಹುಳಿ. ಹುಳಿಯ ಪಾಠ ಅಪ್ಪೆಹುಳಿಯಲ್ಲಿ ಇನ್ನೂ ಸ್ಪಷ್ಟ, ಅಲ್ಲಿ ಅದನ್ನು ಮರೆಮಾಚಲು ತೆಂಗಿನಕಾಯಿಯೂ ಇಲ್ಲ. ಮೀನೂಟ ಮಾಡಿದವರು ಸೋಲ್‌ಕಡಿಯಿಂದ ಮುಗಿಸುತ್ತಾರೆ: ಮುರುಗಲ ರಸ, ತೆಂಗಿನಹಾಲು. ಅರ್ಧ ಅನ್ನಕ್ಕೆ ಹಾಕಿಕೊಳ್ಳಿ, ಅರ್ಧ ಕುಡಿಯಿರಿ. ಬಣ್ಣ ತೀರಾ ಗುಲಾಬಿಯಾಗಿ ಮಿಂಚುತ್ತಿದ್ದರೆ ಅನುಮಾನಿಸಿ.

ಮೇ ತಿಂಗಳಲ್ಲಿ ಬಂದವರು ಸಿಹಿಗೆಂದು ಹೋಟೆಲಿನ ಐಸ್‌ಕ್ರೀಂ ಹೇಳಿ ದುಡ್ಡು ಹಾಳುಮಾಡಬೇಡಿ. ಅಂಕೋಲೆ ಪೇಟೆಯಲ್ಲಿ ಹಾಲಕ್ಕಿ ಹೆಂಗಸರು ಬುಟ್ಟಿಯಲ್ಲಿ ಕರಿ ಈಶಾಡು ಮಾವು ಇಟ್ಟು ಕೂತಿರುತ್ತಾರೆ. ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಆದರೆ ಸಿಪ್ಪೆ ತೆಳು, ಬಹಳ ದಿನ ಇಟ್ಟರೆ ಕೆಡುತ್ತದೆ, ದೂರದ ಪೇಟೆಗೆ ಚೆನ್ನಾಗಿ ಹೋಗುವುದಿಲ್ಲ. “ಅಮ್ಮಾ, ಇವತ್ತೇ ತಿನ್ನೂಕೆ ಯಾವ್ದು?” ಎಂದು ಕೇಳಿ, ಆರಿಸುವುದನ್ನು ಅವರಿಗೇ ಬಿಡಿ. “ಇದ್ ತಕಾ ತಮಾ, ಅದ್ ನಾಳಿಗೆ” ಎಂದು ಎರಡು ಬೇರೆ ಬೇರೆ ಕಟ್ಟಿ ಕೊಡುತ್ತಾರೆ.